ಕ್ಯಾಲೆಂಡರ್ ಹಿಂದಿನ ಗೋಡೆ

ನನಗೆ ಹುಬ್ಬಳ್ಳಿಗೆ ವರ್ಗವಾದ ಮೇಲೆ ಬಳ್ಳಾರಿಯ ಮನೆ ಮಾರುವುದೆಂದು ಎಲ್ಲರೂ ಒಪ್ಪಿದೆವು. ರೇಟಿನ ವಿಷಯಕ್ಕೆ ಬಂದರೆ ಮಾತ್ರ ಒಬ್ಬೊಬ್ಬರು ಒಂದೊಂದು ಇಸವಿಯಲ್ಲಿದ್ದೆವು. ನಾನು ಈ ವರ್ಷದಲ್ಲಿ, ಹುಬ್ಬಳ್ಳಿಯಲ್ಲಿ ಕೊಳ್ಳಬೇಕಾದ ಮನೆಯ ಲೆಕ್ಕ ಹಾಕುತ್ತಿದ್ದ ಹೆಂಡತಿ ಮುಂದಿನ ವರ್ಷದಲ್ಲಿ, ಅಪ್ಪ 2010ರಲ್ಲಿ.

2010 ಅಂದರೆ ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅದಿರಿನ ಕಾಲ. ಆಗೊಬ್ಬ ಲಾರಿ ಮಾಲೀಕ ಕಪ್ಪಗಲ್ಲು ರಸ್ತೆ ಕಡೆಯ ನಮ್ಮ ಮನೆ ಮುಂದೆ ನಿಂತು, ಚಪ್ಪಲಿ ಕೂಡ ಬಿಡದೆ, "ಎಂಬತ್ತು ಲಕ್ಷಕ್ಕ ಕೊಡ್ತೀರೇನ್ರಿ ಸಾರ್?" ಎಂದಿದ್ದ. ಅಪ್ಪ "ನೋಡೋಣ" ಅಂದರು. ನೋಡುತ್ತಿರುವಾಗಲೇ 2011ರ ಜುಲೈ ಬಂತು, ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಲಾರಿಗಳು ನಿಂತವು, ಮಾಲೀಕ ಮತ್ತೆ ಕಾಣಲಿಲ್ಲ. ಆ ಎಂಬತ್ತು ಮಾತ್ರ ಅಪ್ಪನ ಬಾಯಿ ಬಿಟ್ಟು ಇಳಿಯಲಿಲ್ಲ.

ಬ್ರೋಕರನದು ದಿನಾ ಒಂದೇ ಪಾಠ. "ಮಾರ್ಕೆಟ್ ಡಲ್ ಐತ್ರಿ ಸಾರ್." ಆಷಾಢದಲ್ಲಿ ಯಾರೂ ಬರುವುದಿಲ್ಲ, ಪಿತೃಪಕ್ಷದಲ್ಲಿ ಕೇಳಲೇಬೇಡಿ, ಧನುರ್ಮಾಸ ಶೂನ್ಯ. ಉಳಿದ ಒಳ್ಳೆಯ ದಿನಗಳಲ್ಲಿ ಗಿರಾಕಿ ಯಾರದೋ ಮದುವೆಗೆ ಹೋಗಿರುತ್ತಾನೆ. ಇದರ ನಡುವೆ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1 ಇದ್ದದ್ದು ಶೇ 2 ಆಯಿತು. ಅರವತ್ತು ಲಕ್ಷದ ಮನೆಗೆ ಅರವತ್ತು ಸಾವಿರ ಹೆಚ್ಚು. ಬಂದವರೆಲ್ಲ ಆ ಅರವತ್ತು ಸಾವಿರವನ್ನು ನಾನೇ ಜೇಬಿಗೆ ಹಾಕಿಕೊಳ್ಳುವವನ ಹಾಗೆ ನನ್ನ ಮುಖ ನೋಡುತ್ತಿದ್ದರು. ಒಬ್ಬರಂತೂ ಈ ರೇಟಿಗೆ ಸಂಗನಕಲ್ಲು ಕಡೆ ಹೊಸ ಸೈಟೇ ಸಿಗುತ್ತದೆ ಅಂದುಬಿಟ್ಟರು. ಅಪ್ಪ ಕನ್ನಡಕ ಸರಿಮಾಡಿಕೊಂಡು, "ಅಲ್ಲಿ ನವಶಿಲಾಯುಗದವರು ಬಿಟ್ಟುಹೋದ ಜಾಗಕ್ಕೇ ಇನ್ನೂ ಗಿರಾಕಿ ಬಂದಿಲ್ರಿ" ಎಂದರು. ಆ ಗಿರಾಕಿಯೂ ಮತ್ತೆ ಬರಲಿಲ್ಲ.

ಕೊನೆಗೊಬ್ಬರು ನಿಜವಾದ ಕುಳ ಸಿಕ್ಕರು. ಜೀನ್ಸ್ ಹೊಲಿಗೆ ಘಟಕದವರು, ಕೈಯಲ್ಲಿ ದುಡ್ಡು ಇತ್ತು. ಭಾನುವಾರ ಬೆಳಿಗ್ಗೆ ಬರುತ್ತೇವೆಂದರು. ಶನಿವಾರ ರಾತ್ರಿಯೆಲ್ಲ ನಾವು ಮನೆ ತೊಳೆದೆವು. ಹಾಲ್‌ನ ಗೋಡೆಯಲ್ಲಿ ಮೇಲಿನಿಂದ ಕೆಳಗೆ ಒಂದು ಬಿರುಕಿತ್ತು. ನನ್ನ ಹೆಂಡತಿ ಅದರ ಮೇಲೆ ಸಾಲಾಗಿ ಮೂರು ಕ್ಯಾಲೆಂಡರ್ ತೂಗುಹಾಕಿದಳು: ಒಂದು ಬ್ಯಾಂಕಿನದು, ಒಂದು ಬಟ್ಟೆ ಅಂಗಡಿಯದು, ಕೆಳಗೆ ಮೊಣಕಾಲಿನ ಮಟ್ಟದಲ್ಲಿ ಪಂಚಾಂಗದ್ದು. "ಅಷ್ಟು ಕೆಳಗ ಯಾರು ನೋಡ್ತಾರ?" ಎಂದೆ. "ಯಾರೂ ನೋಡಬಾರದಂತನs ಹಾಕಿದ್ದು" ಎಂದಳು.

ಬಂದರು, ಗಂಡ, ಹೆಂಡತಿ, ಅತ್ತೆ. ಅದೇ ಗಳಿಗೆಗೆ ನಲ್ಲಿಯಲ್ಲಿ ನೀರೂ ಬಂತು. ನೀರು ಬಂದಾಗ ಬಳ್ಳಾರಿಯಲ್ಲಿ ಅತಿಥಿ, ದೇವರು ಎಲ್ಲ ಆಮೇಲೆ. ನಾನು ಪೈಪು, ಹೆಂಡತಿ ಕೊಡ, ಅಪ್ಪ ಮೋಟರ್ ಸ್ವಿಚ್. ಗಿರಾಕಿ ತಾವೇ ಪೈಪಿನ ತುದಿ ಹಿಡಿದು ಸಿಂಟೆಕ್ಸ್‌ಗೆ ಬಿಟ್ಟರು. "ಪ್ರೆಷರ್ ಛಲೋ ಐತಿ" ಎಂದಾಗ ಅರ್ಧ ವ್ಯಾಪಾರ ಕುದುರಿತು ಅಂದುಕೊಂಡೆ.

ಆಮೇಲೆ ಓಣಿಯ ಮೂಲೆಯ ಬಂಡಿಯಿಂದ ಒಗ್ಗರಣಿ-ಮಿರ್ಚಿ ತರಿಸಿದೆ. ಎರಡನೇ ಮಿರ್ಚಿಗೆ ಅತ್ತೆಯ ಮುಖ ಅರಳಿತು. ಮೂರನೆಯದಕ್ಕೆ, "ಅಡ್ವಾನ್ಸ್ ಕೊಡಾಕ ಯಾವ ದಿನ ಛಲೋ ಐತಿ ನೋಡು" ಎಂದು ಮಗನಿಗೆ ಹೇಳಿದರು. ಮಗ ಪಂಚಾಂಗ ಹುಡುಕಿದರು. ಕೆಳಗೆ ಕುಕ್ಕರುಗಾಲಲ್ಲಿ ಕೂತು, ಮುಂದಿನ ತಿಂಗಳು ನೋಡಲು ಹಾಳೆ ಮಗುಚಿದರು. ಮೊಳೆ ಕಿತ್ತು ಬಂತು. ಅದರ ಜತೆ ಅಂಗೈಯಗಲ ಗಾರೆಯೂ.

ಯಾರೂ ಮಾತಾಡಲಿಲ್ಲ. ಗಿರಾಕಿ ಕೈಯಲ್ಲಿದ್ದ ಪಂಚಾಂಗ ನೆಲಕ್ಕಿಟ್ಟು, ಬಟ್ಟೆ ಅಂಗಡಿಯ ಕ್ಯಾಲೆಂಡರ್ ಎತ್ತಿ ನೋಡಿದರು. ಆಮೇಲೆ ಬ್ಯಾಂಕಿನದು. ಅಳತೆ ಹಿಡಿಯುವ ದರ್ಜಿಯ ಹಾಗೆ ಬಿರುಕಿನುದ್ದಕ್ಕೂ ಬೆರಳಾಡಿಸಿ, "ನಲವತ್ತೈದು" ಎಂದರು.

"ಎಂಬತ್ತು" ಎಂದರು ಅಪ್ಪ.

ನಮಸ್ಕಾರ ಮಾಡಿ ಹೋದರು. ಒಂದು ವಾರದ ಮೇಲೆ ಅವರದೇ ಫೋನ್. ನಾನು ಸ್ಪೀಕರ್ ಹಾಕಿದೆ, ಅಪ್ಪ ಟಿವಿ ಸದ್ದು ಕಮ್ಮಿ ಮಾಡಿದರು.

"ಸಾರ್, ನಮ್ಮ ಅತ್ತಿ-ಸೊಸಿ ಇಬ್ರೂ ಒಂದs ಸಮ ಕೇಳಾಕತ್ಯಾರ. ಅವತ್ತಿನ ಮಿರ್ಚಿ ಯಾವ ಬಂಡೀದ್ರೀ?"