ಐದನೇ ಕ್ಲಾಸಿನಲ್ಲಿ ಚೌಕಾಬಾರ

ಮೊನ್ನೆ ಶಾಲೆಗೆ ಬಂದಿದ್ದ ಮಗುವೊಂದರ ಅಪ್ಪ ಬಾಗಿಲಲ್ಲೇ ನಿಂತು ಕೇಳಿದರು, "ಏನ್ ಮಿಸ್, ಇವತ್ತು ಪಾಠ ಇಲ್ವಾ?" ಐದನೇ ಕ್ಲಾಸಿನ ಮಕ್ಕಳು ನೆಲದ ಮೇಲೆ ಸೀಮೆಸುಣ್ಣದಲ್ಲಿ 25 ಮನೆ ಬರೆದು ಚೌಕಾಬಾರ ಆಡುತ್ತಿದ್ದರು. "ಇದೇ ಪಾಠ ಅಣ್ಣ, ಕೂತ್ಕೊಳ್ಳಿ ಬನ್ನಿ" ಅಂದೆ. ಅವರಿಗೆ ಕೆಲಸವಿತ್ತು, ಹೋದರು. ಅವರಿಗೆ ಹೇಳಬೇಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕವಡೆ ಸಿಗಲಿಲ್ಲ. ಮಕ್ಕಳೇ 4 ಹುಣಸೆ ಬೀಜ ತಂದು, ಒಂದು ಮಗ್ಗುಲು ಬಿಳಿ ಬರೋ ತನಕ ಕಲ್ಲಿಗೆ ತೇದಿದ್ದರು. ಎಷ್ಟು ಬಿಳಿ ಬಿತ್ತೋ ಅಷ್ಟು ಮನೆ. ನಾಲ್ಕೂ ಬಿಳಿಯಾದರೆ ಚೌಕ. ನಾಲ್ಕೂ ಕಪ್ಪಾದರೆ ಬಾರ, ಅಂದರೆ 8.

ಲೆಕ್ಕದ ಪೀರಿಯಡ್‌ನಲ್ಲಿ ಬಾಯಿಯನ್ನೇ ಬಿಡದ ಹುಡುಗಿಯೊಬ್ಬಳು ಕೈಯಲ್ಲಿ ಕಾಯಿ ಹಿಡಿದು ಯೋಚಿಸುತ್ತಿದ್ದಳು. ಒಂದು ಕಡೆ ಇಟ್ಟರೆ ಎದುರಿನವನಿಗೆ 2 ಬಿದ್ದಾಗ ಹೊಡೆತ. ಇನ್ನೊಂದು ಕಡೆ ಇಟ್ಟರೆ 3 ಬೀಳಬೇಕು. ಅವಳು 3ರ ದೂರಕ್ಕೇ ಇಟ್ಟಳು. ಯಾಕಮ್ಮ ಅಂದೆ. "ಎರಡು ಜಾಸ್ತಿ ಬೀಳುತ್ತೆ ಮಿಸ್."

ನಿಜ. 4 ಬೀಜ ಬೀಳೋದಕ್ಕೆ ಒಟ್ಟು 16 ದಾರಿ. ಅದರಲ್ಲಿ 2 ಬರೋದು 6 ದಾರಿಯಲ್ಲಿ, 1 ಮತ್ತು 3 ತಲಾ 4ರಲ್ಲಿ, ಚೌಕಕ್ಕೂ ಬಾರಕ್ಕೂ ಒಂದೊಂದೇ. ಎರಡು ದಿನ ಕೂತು ಮಕ್ಕಳೇ ಇದನ್ನು ಬೋರ್ಡ್ ಮೇಲೆ ಬರೆದರು. ಆಮೇಲೆ ಬೀಜ ಹಾಕಿ ಹಾಕಿ ಗೆರೆ ಎಳೆದು ನೋಡಿದರೆ ಚೌಕ ಲೆಕ್ಕಕ್ಕಿಂತ ಜಾಸ್ತಿ ಬಿತ್ತು! ಬೀಜ ತೇದದ್ದು ಸರಿಯಿಲ್ಲ ಅಂತ ದೊಡ್ಡ ಜಗಳ. ಆ ಜಗಳ ನನಗೆ ತುಂಬಾ ಇಷ್ಟವಾಯಿತು.

ಆಟ ಅಂದರೆ ಬರೀ ಕ್ವಿಜ್ ಮಾಡಿ ಗೆದ್ದವರಿಗೆ ಪೆನ್ಸಿಲ್ ಕೊಡೋದಲ್ಲ. ನಾನೂ ಹಾಗೆ ಮಾಡಿದ್ದೇನೆ. ಯಾವಾಗಲೂ ಅದೇ ನಾಲ್ಕು ಮಕ್ಕಳು ಗೆಲ್ಲುತ್ತಿದ್ದರು, ಉಳಿದವರು ಇನ್ನಷ್ಟು ಮುದುಡುತ್ತಿದ್ದರು. ಕಲಿಯಬೇಕಾದ ವಿಷಯ ಆಟದ ಒಳಗೇ ಇರಬೇಕು. ಅದನ್ನು ಬಿಟ್ಟು ಕಾಯಿ ನಡೆಸೋಕೆ ಆಗಲೇಬಾರದು.

ಆಡಿಸುವ ರೀತಿಯೂ ಮುಖ್ಯ. ಅಮೆರಿಕದಲ್ಲಿ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಅವರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಡ ಕುಟುಂಬಗಳ ಪುಟ್ಟ ಮಕ್ಕಳು 1ರಿಂದ 10ರ ಮನೆಗಳ ಆಟವನ್ನು ಕೆಲವೇ ಸಲ ಆಡಿ ಸಂಖ್ಯೆಗಳಲ್ಲಿ ಚೆನ್ನಾಗಿ ಮುಂದೆ ಬಂದರು. ಅಲ್ಲಿ ಮಗು 5ನೇ ಮನೆಯಿಂದ ಹೊರಟರೆ "ಒಂದು, ಎರಡು" ಅನ್ನುತ್ತಿರಲಿಲ್ಲ, "ಆರು, ಏಳು" ಅಂತ ಎಣಿಸುತ್ತಿತ್ತು. ಇಷ್ಟು ಸಣ್ಣ ಬದಲಾವಣೆಗೆ ದುಡ್ಡು ಬೇಕಿಲ್ಲ, ಅಲ್ವಾ?

ನಮ್ಮಲ್ಲಿ ಇದು ಹೊಸದೂ ಅಲ್ಲ. ಸರ್ಕಾರಿ ಶಾಲೆಯ ಪುಟ್ಟ ಮಕ್ಕಳಿಗೆ ಆಟ, ಚಟುವಟಿಕೆಗಳಿಂದಲೇ ಕಲಿಸುವ ನಲಿ-ಕಲಿ 1995ರಲ್ಲೇ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಶುರುವಾಯಿತು. ಆದರೆ ಅದು ಮೂರನೇ ಕ್ಲಾಸಿಗೆ ಮುಗಿಯುತ್ತೆ. ನಾಲ್ಕಕ್ಕೆ ಬಂದ ಮಗುವಿಗೆ ಬೆಂಚು, ಪುಸ್ತಕ, ಕೈಕಟ್ಟು. ಭಿನ್ನರಾಶಿ, ಭಾಗಾಕಾರ ಅಂತ ಕಷ್ಟ ಶುರುವಾಗೋ ಹೊತ್ತಿಗೇ ನಾವು ಆಟ ಕಿತ್ತುಕೊಳ್ಳುತ್ತೇವೆ. ನನಗೆ ಇದು ಒಪ್ಪಿಗೆಯಿಲ್ಲ.

ನಿಮ್ಮನೆ ಅಟ್ಟದಲ್ಲಿ ಹಳೇ ಅಳಗುಳಿ ಮಣೆ ಸುಮ್ನೆ ಬಿದ್ದಿದ್ದರೆ ಊರಿನ ಶಾಲೆಗೆ ಕೊಡಿ. 14 ಗುಳಿ, ಗುಳಿಗೆ ಐದರಂತೆ 70 ಬೀಜ. ಮಣೆಯ ಜೊತೆ ಆಡೋದು ಗೊತ್ತಿರುವ ಅಜ್ಜಿಯನ್ನೂ ಒಂದು ದಿನ ಕಳಿಸಿಕೊಡಿ.