ಸಿಲಿಕಾ ಫ್ಯೂಮ್ ಕಲಬೆರಕೆನಾ?

‘ಸಿಲಿಕಾ ಫ್ಯೂಮ್ ಅಂದ್ರೆ ಫ್ಯಾಕ್ಟರಿ ಕಸ, ಹಾಕಿದರೆ ಕಾಂಕ್ರೀಟ್ ಟೊಳ್ಳಾಗುತ್ತೆ’ ಅನ್ನೋ ಮೆಸೇಜ್ ಓಡಾಡುತ್ತಿದೆ. ಇದು ತಪ್ಪು.

ಸಿಲಿಕಾನ್, ಫೆರೋಸಿಲಿಕಾನ್ (ಕಬ್ಬಿಣ-ಸಿಲಿಕಾನ್ ಮಿಶ್ರಲೋಹ) ತಯಾರಿಸುವ ವಿದ್ಯುತ್ ಕುಲುಮೆಗಳ ಹೊಗೆಯಿಂದ ಹಿಡಿದಿಡುವ ಬೂದುಬಣ್ಣದ ಪುಡಿ ಇದು, ನಿಜ. ಆದರೆ ಇದರ ಕಣ ಸಿಮೆಂಟ್ ಕಣಕ್ಕಿಂತ ಸುಮಾರು 100 ಪಟ್ಟು ಸಣ್ಣದು. ಹಾಗಾಗಿ ಸಿಮೆಂಟ್ ಕಣಗಳ ಸಂದಿಯಲ್ಲಿ ಹೋಗಿ ಕೂರುತ್ತದೆ, ಜೊತೆಗೆ ಸಿಮೆಂಟ್ ನೀರಿನೊಂದಿಗೆ ಸೇರಿದಾಗ ಹುಟ್ಟುವ ಸುಣ್ಣವನ್ನು ಹಿಡಿದು ಹೊಸ ಅಂಟನ್ನೇ ಕಟ್ಟುತ್ತದೆ. ಕಾಂಕ್ರೀಟ್ ಗಟ್ಟಿಯಾಗುತ್ತದೆ, ನೀರು, ಉಪ್ಪು ಒಳಗೆ ಇಳಿಯೋದು ಕಷ್ಟವಾಗುತ್ತದೆ.

ಸಾಮಾನ್ಯವಾಗಿ ಸಿಮೆಂಟ್ ತೂಕದ 5ರಿಂದ 10% ಸಾಕು. ಮಿಶ್ರಣ ಅಂಟಂಟಾಯ್ತು ಅಂತ ಸುಮ್ನೆ ನೀರು ಸುರಿಯಬೇಡಿ, ನೀರು ಹೆಚ್ಚಿಸದೆ ಮಿಶ್ರಣವನ್ನು ಸಡಿಲಗೊಳಿಸುವ ಸೂಪರ್‌ಪ್ಲಾಸ್ಟಿಸೈಜರ್ ಬೇಕು. ಮೇಲ್ಮೈಗೆ ನೀರು ಕಮ್ಮಿ ಬರುವುದರಿಂದ ಬೇಗ ಒಣಗಿ ಬಿರುಕು ಬಿಡುತ್ತೆ, ಕ್ಯೂರಿಂಗ್ (ಕಾಂಕ್ರೀಟ್ ಒಣಗದಂತೆ ತೇವವಾಗಿಡೋದು) ತಕ್ಷಣ ಶುರುವಾಗಲಿ. ಪುಡಿ ಸುರಿಯುವಾಗ ಮಾಸ್ಕ್ ಹಾಕಿಕೊಳ್ಳಿ.