ಪಾಲಕರೇ, ದಯವಿಟ್ಟು ಮಕ್ಕಳನ್ನು ಕರೆಯಿರಿ

2021ರ ಫೆಬ್ರವರಿ 25ರಂದು ಕೇಂದ್ರ ಸರ್ಕಾರವು ಮಾಹಿತಿ ತಂತ್ರಜ್ಞಾನದ ಹೊಸ ನಿಯಮಗಳನ್ನು ಪ್ರಕಟಿಸಿ, ಈ ದೇಶದ ತಂದೆತಾಯಂದಿರ ಕೈಗೆ ಒಂದು ಬೀಗವನ್ನು ಕೊಟ್ಟಿತು. ಇಂಟರ್ನೆಟ್ ಮೂಲಕ ಸಿನಿಮಾ ತೋರಿಸುವ ಒಟಿಟಿ ವೇದಿಕೆಗಳು ತಮ್ಮಲ್ಲಿರುವ ಸಿನಿಮಾ, ಧಾರಾವಾಹಿಗಳನ್ನೆಲ್ಲ ಯು, ಯು/ಎ 7+, ಯು/ಎ 13+, ಯು/ಎ 16+ ಮತ್ತು ಎ ಎಂಬ ಐದು ಪಂಗಡಗಳಾಗಿ ತಾವೇ ವಿಂಗಡಿಸಬೇಕು, 13+ ಮತ್ತು ಅದರ ಮೇಲಿನದಕ್ಕೆ ಪೇರೆಂಟಲ್ ಲಾಕ್ ಒದಗಿಸಬೇಕು, ಎ ಪಂಗಡದ್ದಾದರೆ ನೋಡುವವರ ವಯಸ್ಸನ್ನು ನಂಬಲರ್ಹವಾದ ರೀತಿಯಲ್ಲಿ ಪರಿಶೀಲಿಸಬೇಕು ಎಂದು ಅದರಲ್ಲಿ ವಿಧಿಸಲಾಗಿದೆ. ಕಂಪನಿಗಳು ವಿಧೇಯವಾಗಿ ಬೀಗ ಜಡಿದವು. ಅಂದಿನಿಂದ ಆ ಬೀಗದ ದೆಸೆಯಿಂದ ಏನನ್ನೂ ನೋಡಲಾಗದೆ ಉಳಿದವರು ಯಾರಾದರೂ ಇದ್ದರೆ, ಅವರೆಲ್ಲ ಐವತ್ತು ದಾಟಿದವರು.

ಇದಕ್ಕೆ ಕಾರಣ ಹುಡುಕಲು ತಜ್ಞರ ಸಮಿತಿಯನ್ನೇನೂ ನೇಮಿಸಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಸ್ಮಾರ್ಟ್ ಟಿವಿಯನ್ನು ಗೋಡೆಗೆ ಕೂರಿಸುವವನು ಅಂಗಡಿಯಿಂದ ಬಂದ ಹುಡುಗ. ಅದಕ್ಕೆ ವೈಫೈ ಜೋಡಿಸಿ, ಆ್ಯಪ್‌ಗಳನ್ನು ಇಳಿಸಿ, ಅಪ್ಪನ ಮೊಬೈಲ್ ನಂಬರಿನಲ್ಲಿ ಖಾತೆ ತೆರೆದು, ಆ ಮೊಬೈಲ್‌ಗೆ ಬಂದ ಒಟಿಪಿಯನ್ನು ಅಪ್ಪನಿಗಿಂತ ಮೊದಲೇ ಓದಿ, ಕೊನೆಗೆ ‘ನೀವು ಪಾಲಕರೇ?’ ಎಂಬ ಪ್ರಶ್ನೆಗೆ ‘ಹೌದು’ ಎಂದು ಒತ್ತುವವಳು ಎಂಟನೇ ತರಗತಿಯ ಮಗಳು. ನಿಜವಾದ ಪಾಲಕರು ಆ ಹೊತ್ತಿನಲ್ಲಿ, ವಾರಂಟಿ ಮುಗಿಯುವವರೆಗೆ ಟಿವಿಯ ರಟ್ಟಿನ ಪೆಟ್ಟಿಗೆಯನ್ನು ಅಟ್ಟದ ಮೇಲೆ ಎಲ್ಲಿಡಬೇಕು ಎಂಬ ಗಂಭೀರ ಚರ್ಚೆಯಲ್ಲಿ ಮಗ್ನರಾಗಿರುತ್ತಾರೆ.

ಅಪರೂಪಕ್ಕೊಬ್ಬ ತಂದೆ ಎಚ್ಚೆತ್ತು, ಆ ಬೀಗ ತೆರೆಯುವ ಪಿನ್ ಅನ್ನು ತಾನೇ ಇಡುತ್ತೇನೆಂದು ಹಟ ಹಿಡಿದನೆನ್ನಿ. ನಾಲ್ಕು ಅಂಕಿಗಳಿಂದ 10,000 ಪಿನ್‌ಗಳನ್ನು ರಚಿಸಬಹುದು ಎನ್ನುತ್ತದೆ ಗಣಿತ; ಆದರೆ ತಂದೆಯಂದಿರಿಗೆ ಹೊಳೆಯುವುದು ಮಗುವಿನ ಹುಟ್ಟಿದ ವರ್ಷ, ಸ್ಕೂಟರಿನ ನಂಬರು ಮತ್ತು 1234, ಇಷ್ಟೇ. ಇದನ್ನೂ ಮೀರಿ ಯಾರಿಗೂ ಊಹಿಸಲಾಗದ ಸಂಖ್ಯೆಯನ್ನೇ ಆರಿಸಿದರೂ, ಅದನ್ನು ಒತ್ತುವ ವಿಧಾನವೊಂದಿದೆಯಲ್ಲ! ಎಟಿಎಂನಲ್ಲಿ ಹಿಂದೆ ನಿಂತವರಿಗೆ ಕಾಣದಂತೆ ಅಂಗೈ ಅಡ್ಡ ಹಿಡಿಯುವ ಅದೇ ಮನುಷ್ಯ, ಇಲ್ಲಿ 43 ಇಂಚಿನ ಪರದೆಯ ಮೇಲೆ ಮೂಡಿದ ಅಂಕಿಗಳ ನಡುವೆ ರಿಮೋಟಿನ ಬಾಣದ ಗುಂಡಿಯನ್ನು ಒತ್ತೊತ್ತಿ, ಬೆಳಗುವ ಚೌಕವನ್ನು ಒಂದೊಂದೇ ಮನೆ ಸರಿಸುತ್ತಾ, ಇಡೀ ಕುಟುಂಬದ ಸಮಕ್ಷಮದಲ್ಲಿ ತನ್ನ ಗುಟ್ಟನ್ನು ಬಿತ್ತರಿಸುತ್ತಾನೆ. ಚೌಕ ಸರಿದಾಗಲೆಲ್ಲ ಟಿವಿ ‘ಟಿಕ್’ ಎಂದು ಸದ್ದು ಮಾಡುತ್ತದೆ. ಟಿವಿಗೆ ಬೆನ್ನು ಮಾಡಿ ಕುಳಿತು ಹೋಂವರ್ಕ್ ಬರೆಯುತ್ತಿರುವ ಮಗ ತಲೆ ಎತ್ತುವ ಗೋಜಿಗೂ ಹೋಗುವುದಿಲ್ಲ. ಎದುರಿನ ಶೋಕೇಸಿನ ಗಾಜಿನಲ್ಲಿ ಬಲಕ್ಕೆ ಎರಡು, ಕೆಳಕ್ಕೆ ಒಂದು, ಓಕೆ ಎಂಬುದನ್ನು ಕಂಡು, ಮೊದಲ ಅಂಕಿ ಆರು ಎಂದು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದುಕೊಳ್ಳುತ್ತಾನೆ. ಆರು ತಿಂಗಳ ಬಳಿಕ ತಂದೆ ಪಿನ್ ಮರೆತಾಗ, ಅದನ್ನು ನೆನಪಿಸಿ ಕೊಡುವ ಪುಣ್ಯಾತ್ಮನೂ ಅವನೇ.

ಮೈಸೂರಿನ ನನ್ನ ಪರಿಚಯದ ಮನೆಯೊಂದರಲ್ಲಿ ನಿವೃತ್ತ ಕನ್ನಡ ಮೇಷ್ಟ್ರೊಬ್ಬರಿದ್ದಾರೆ. ದುರ್ಯೋಧನನ ತೊಡೆ ಮುರಿಯುವ ಪ್ರಸಂಗವನ್ನು ನಿವೃತ್ತಿಯವರೆಗೂ ಹೈಸ್ಕೂಲಿನ ಮಕ್ಕಳಿಗೆ ರಸವತ್ತಾಗಿ ಪಾಠ ಹೇಳಿದವರು. ಒಂದು ಭಾನುವಾರ ಮಧ್ಯಾಹ್ನ ಅವರು ಹಳೆಯ ಪೌರಾಣಿಕ ಚಿತ್ರವೊಂದನ್ನು ನೋಡಲು ಕುಳಿತರು. ಅದರಲ್ಲಿ ಯುದ್ಧವಿರುವುದರಿಂದ ‘ಹಿಂಸೆ’ ಎಂಬ ಎಚ್ಚರಿಕೆಯೊಂದಿಗೆ ಚಿತ್ರ 13+ ಪಂಗಡಕ್ಕೆ ಸೇರಿತ್ತು. ಪರದೆಯ ಮೇಲೆ ಪಿನ್ ಕೇಳುವ ನಾಲ್ಕು ಚೌಕಗಳು ಮೂಡಿದವು. ಮೇಷ್ಟ್ರು ಮೊಮ್ಮಗಳನ್ನು ಕರೆದರು. ಒಂಬತ್ತು ವರ್ಷದ ಆ ಹುಡುಗಿ ಬಂದು, ರಿಮೋಟ್ ತೆಗೆದುಕೊಂಡು, ‘ತಾತ, ಸ್ವಲ್ಪ ಆ ಕಡೆ ತಿರುಗಿಕೊಳ್ಳಿ, ಪಿನ್ ಹಾಕ್ತೀನಿ’ ಎಂದಳು. ತಾತ ತಿರುಗಿಕೊಂಡರು. ಮಕ್ಕಳನ್ನು ಹಿಂಸೆಯ ದೃಶ್ಯಗಳಿಂದ ಕಾಪಾಡಲು ರಾಷ್ಟ್ರವು ರೂಪಿಸಿದ ವ್ಯವಸ್ಥೆ ಆ ಮನೆಯಲ್ಲಿ ಹೀಗೆ ಯಾವ ಲೋಪವೂ ಇಲ್ಲದೆ ಜಾರಿಯಲ್ಲಿದೆ.

ಇನ್ನು, ಪ್ರೌಢತೆಯನ್ನು ಅಳೆಯುವ ವಿಷಯದಲ್ಲಿ ಯೂಟ್ಯೂಬ್ ಕಿಡ್ಸ್ ಆ್ಯಪ್‌ನಷ್ಟು ಸೂಕ್ಷ್ಮವಾಗಿ ಚಿಂತಿಸಿದವರು ವಿರಳ. ಅದರೊಳಗೆ ಪಾಲಕರಿಗಾಗಿ ಮೀಸಲಾದ ಸೆಟ್ಟಿಂಗ್‌ಗಳನ್ನು ತೆರೆಯಲು ಹೋದರೆ, ಬಂದವರು ದೊಡ್ಡವರೆಂದು ಖಚಿತಪಡಿಸಿಕೊಳ್ಳಲು ಅದು ಒಂದು ಗುಣಾಕಾರದ ಲೆಕ್ಕ ಕೊಡುತ್ತದೆ. ಮಗ್ಗಿ ಬಲ್ಲವರು ದೊಡ್ಡವರು ಎಂಬ ಈ ಸಿದ್ಧಾಂತವನ್ನು ಕಂಡುಹಿಡಿದವರು ನಮ್ಮ ಮನೆಗಳಿಗೆ ಒಮ್ಮೆಯಾದರೂ ಬಂದಿದ್ದರೆ, ಮಗ್ಗಿಯನ್ನು ಇಂದಿಗೂ ಬಾಯಿಪಾಠ ಮಾಡುತ್ತಿರುವ ಏಕೈಕ ಜನವರ್ಗ ಯಾವುದೆಂದು ಅವರಿಗೆ ತಿಳಿಯುತ್ತಿತ್ತು. ಮೂರನೇ ತರಗತಿಯವನ ಬಾಯಿಂದ ‘ಏಳೆಂಟ್ಲ ಐವತ್ತಾರು’ ತಾನಾಗಿ ಉದುರುತ್ತದೆ, ಎಂ.ಟೆಕ್. ಮಾಡಿದ ತಂದೆ ಕ್ಯಾಲ್ಕುಲೇಟರಿಗಾಗಿ ಮೊಬೈಲ್ ಹುಡುಕುತ್ತಾನೆ, ಮೊಬೈಲ್ ಮಗನ ಕೈಯಲ್ಲೇ ಇರುವುದರಿಂದ ಉತ್ತರವನ್ನೂ ಅವನಿಂದಲೇ ಪಡೆಯುತ್ತಾನೆ.

ಎ ಪಂಗಡದ ಚಿತ್ರಗಳಿಗೆ ಬೇಕಾದ ನಂಬಲರ್ಹ ವಯಸ್ಸಿನ ಪರಿಶೀಲನೆ ಹೇಗೆ ನಡೆಯುತ್ತದೆ ಎಂಬುದನ್ನು ನೋಡಿದರೆ, ಮನುಷ್ಯನ ಪ್ರಾಮಾಣಿಕತೆಯಲ್ಲಿ ಈ ಕಂಪನಿಗಳಿಗೆ ಎಂಥ ಅಚಲ ವಿಶ್ವಾಸವಿದೆ ಎಂದು ಕಣ್ಣು ತುಂಬಿ ಬರುತ್ತದೆ. ‘ನಿಮಗೆ 18 ವರ್ಷ ತುಂಬಿದೆಯೇ?’ ಎಂದು ಅನೇಕ ಕಡೆ ಪರದೆಯೇ ವಿನಯದಿಂದ ಕೇಳುತ್ತದೆ, ತುಂಬಿಲ್ಲದವರು ತುಂಬಿದೆಯೆಂದು ವಿನಯದಿಂದ ಉತ್ತರಿಸುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿಯನ್ನು ಬಳಸುವ ಮುನ್ನ ಪಾಲಕರಿಂದ ದೃಢಪಡಿಸಬಹುದಾದ ಒಪ್ಪಿಗೆ ಪಡೆಯಬೇಕು ಎಂದಿದೆ. ಅದರ ನಿಯಮಗಳೂ 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಉದ್ದೇಶ ಒಳ್ಳೆಯದೇ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ದ್ವಿತೀಯ ಪಿಯುಸಿಯ ಮಗ ಅಪ್ಪನ ಫೋನಿನಲ್ಲಿ, ಅಪ್ಪನ ಹೆಸರಿನಲ್ಲಿ, ಅಪ್ಪನ ಒಟಿಪಿಯಿಂದ ತನಗೆ ತಾನೇ ಒಪ್ಪಿಗೆ ಕೊಟ್ಟುಕೊಂಡು, ‘ಅಪ್ಪಾ, ಏನೋ ಒಂದು ಮೆಸೇಜ್ ಬಂದಿತ್ತು, ಡಿಲೀಟ್ ಮಾಡಿದ್ದೀನಿ’ ಎಂದು ಫೋನ್ ಹಿಂದಿರುಗಿಸುವ ದಿನ ಬಹಳ ದೂರವೇನೂ ಇಲ್ಲ.

ಬೀಗ ಹಾಕಿದ ಕಡೆ ಇಷ್ಟಾದರೆ, ಬೀಗವೇ ಇಲ್ಲದ ಕಡೆ ಏನು ನಡೆಯುತ್ತಿತ್ತು ಎಂಬುದನ್ನೂ ನೋಡಬೇಕು. ಕ್ರಿಕೆಟ್ ಪಂದ್ಯಕ್ಕೆ ಯಾರೂ ಪಿನ್ ಕೇಳುವುದಿಲ್ಲ. ಅದನ್ನು ತಾತನಿಂದ ಮೊಮ್ಮಗನವರೆಗೆ ಎಲ್ಲರೂ ಒಟ್ಟಿಗೆ ಕುಳಿತು ನೋಡಬಹುದು. ಓವರಿಗೂ ಓವರಿಗೂ ನಡುವೆ ಹೆಸರಾಂತ ಆಟಗಾರರು ಬಂದು, ಹಣ ಕಟ್ಟಿ ತಂಡ ರಚಿಸಿ ಕೋಟಿ ಗೆಲ್ಲಿರೆಂದು ಕರೆ ನೀಡಿ, ಇದರಲ್ಲಿ ಆರ್ಥಿಕ ಅಪಾಯವಿದೆ, ಇದು ಚಟವಾಗಬಹುದು ಎಂಬ ಎಚ್ಚರಿಕೆಯನ್ನು ಹರಾಜು ಕೂಗುವವರೂ ನಾಚುವಷ್ಟು ವೇಗದಲ್ಲಿ ಹೇಳಿ ಮುಗಿಸುತ್ತಿದ್ದರು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ತನಕ ಇದು ಸಕುಟುಂಬ ವೀಕ್ಷಣೆಗೆ ಯೋಗ್ಯವಾಗಿತ್ತು. ಸಿನಿಮಾದಲ್ಲಿ ಪೊಲೀಸ್ ಪೇದೆಯೊಬ್ಬ ಒಂದು ಬೈಗುಳ ಆಡಿದರೆ ನಾಲ್ಕಂಕಿಯ ಕೋಟೆ ಎದ್ದು ನಿಲ್ಲುತ್ತದೆ. ಮನೆಯ ಉಳಿತಾಯವನ್ನು ಪಣಕ್ಕಿಡಿ ಎಂದು ಕರೆದವರಿಗೆ ಮಾತ್ರ ನಡುಮನೆಯಲ್ಲೇ ಆಸನವಿತ್ತು.

ಮಕ್ಕಳ ಪಾಲಿಗೆ ಇಷ್ಟು ಉದಾರವಾಗಿರುವ ಈ ಆ್ಯಪ್‌ಗಳು ಶಿಸ್ತು, ನಿಗ್ರಹ, ಪಾಲನೆಗಳನ್ನೆಲ್ಲ ಚಂದಾ ಕಟ್ಟುವ ದೊಡ್ಡವರಿಗಾಗಿ ಕಾಯ್ದಿರಿಸಿವೆ. ನೆಟ್‌ಫ್ಲಿಕ್ಸ್‌ನಲ್ಲಿ ಏನು ನೋಡೋಣವೆಂದು ಯಾವುದಾದರೂ ಚಿತ್ರದ ಮೇಲೆ ಕರ್ಸರ್ ನಿಲ್ಲಿಸಿದರೆ ಸಾಕು, ಅದರ ತುಣುಕೊಂದು ಸದ್ದುಗದ್ದಲದೊಂದಿಗೆ ತಾನೇ ತಾನಾಗಿ ಓಡತೊಡಗುತ್ತಿತ್ತು. ಬಳಕೆದಾರರು ದೀರ್ಘಕಾಲ ಗೋಗರೆದ ಮೇಲೆ, 2020ರ ಫೆಬ್ರವರಿಯಲ್ಲಿ ಅದನ್ನು ನಿಲ್ಲಿಸುವ ಅವಕಾಶವನ್ನು ಕಂಪನಿ ಕರುಣಿಸಿತು. ಆದರೆ ಅದಕ್ಕೂ ಬ್ರೌಸರಿನಲ್ಲಿ ಖಾತೆ ತೆರೆದು, ಪ್ರೊಫೈಲ್ ನಿರ್ವಹಣೆಯ ಪುಟಕ್ಕೆ ಹೋಗಿ, ಅಲ್ಲಿದ್ದ ಪುಟ್ಟ ಗುರುತನ್ನು ಅಳಿಸಬೇಕಿತ್ತು. ಯಾರೂ ಕೇಳದ್ದನ್ನು ಸೇರಿಸಲು ಇಂಥ ಪ್ರಯಾಸವೇನೂ ಇರಲಿಲ್ಲ. ‘ಏನಾದರೂ ಹಾಕು’ ಎನ್ನುವ ಅರ್ಥದ ಗುಂಡಿಯೊಂದನ್ನು 2021ರ ಏಪ್ರಿಲ್‌ನಲ್ಲಿ ಜಗತ್ತಿಗೆಲ್ಲ ಹಂಚಿದರು; ಅದನ್ನು ಯಾರೂ ಅಷ್ಟಾಗಿ ಒತ್ತುತ್ತಿಲ್ಲವೆಂದು 2023ರ ಆರಂಭದಲ್ಲಿ ಸದ್ದಿಲ್ಲದೆ ಹಿಂದಕ್ಕೆ ಪಡೆದರು. ಏನು ನೋಡಬೇಕೆಂದು ಗೊತ್ತಿಲ್ಲದವನ ಬಳಿ ಈ ಮೊದಲೇ ಮನೆಯ ಹಿರಿಯರು, ಹೆಂಡತಿ, ಮಕ್ಕಳು ಎಂಬ ಸಲಹಾ ಮಂಡಳಿಯಿರುತ್ತದೆ ಎಂಬುದು ಕ್ಯಾಲಿಫೋರ್ನಿಯಾದ ಆ ಕಂಪನಿಗೆ ತಿಳಿಯದೆ ಹೋಯಿತು.

ಚಿತ್ರ ಮುಗಿದು, ದುಡಿದವರ ಹೆಸರುಗಳು ಮೇಲೇರತೊಡಗಿದ ಕ್ಷಣಕ್ಕೆ ಪರದೆ ಕುಗ್ಗಿ ಮೂಲೆ ಸೇರುತ್ತದೆ, ಮುಂದಿನದು ಐದೇ ಸೆಕೆಂಡಿನಲ್ಲಿ ಆರಂಭವೆಂಬ ಗಡುವು ಬರುತ್ತದೆ. ಹಾಗೆ ತಾನೇ ಒಂದರ ಮೇಲೊಂದು ಬಡಿಸಿ, ನಡುರಾತ್ರಿಯಲ್ಲಿ ‘ಇನ್ನೂ ನೋಡುತ್ತಿದ್ದೀರಾ?’ ಎಂದು ಕೇಳುವ ಧೈರ್ಯವೂ ಅದಕ್ಕಿದೆ. ನಾನು ಚಂದಾ ಕಟ್ಟುವ ಇನ್ನೊಂದು ಆ್ಯಪ್‌ಗಂತೂ ನಾನು ಯಾವ ಧಾರಾವಾಹಿಯನ್ನು ಯಾವ ನಿಮಿಷದಲ್ಲಿ ಬೇಸರದಿಂದ ಬಿಟ್ಟೆನೆಂಬುದು ನೆನಪಿರುತ್ತದೆ, ನನಗೆ ಬೇಕಾದ ಭಾಷೆ ಕನ್ನಡ ಎಂಬುದೊಂದು ಮಾತ್ರ ಪ್ರತಿಸಲವೂ ಮರೆತುಹೋಗುತ್ತದೆ. ಕನ್ನಡದಲ್ಲೇ ತಯಾರಾದ ಚಿತ್ರವನ್ನು ಹಿಂದಿಯ ಡಬ್ಬಿಂಗಿನಲ್ಲಿ ಶುರುಮಾಡಿ, ನಾನು ಮೆನು ಹುಡುಕಿ ಬದಲಿಸುವಷ್ಟರಲ್ಲಿ ನಾಯಕನ ಪ್ರವೇಶವೇ ಮುಗಿದಿರುತ್ತದೆ.

‘ಪ್ರೀತಿಯೆಂದರೆ ಪಾಸ್‌ವರ್ಡ್ ಹಂಚಿಕೊಳ್ಳುವುದು’ ಎಂದು 2017ರಲ್ಲಿ ಟ್ವೀಟ್ ಮಾಡಿದ್ದ ನೆಟ್‌ಫ್ಲಿಕ್ಸ್, 2023ರ ಜುಲೈನಲ್ಲಿ ಭಾರತದ ಚಂದಾದಾರರಿಗೆ ಪತ್ರ ಬರೆದು, ಒಂದು ಖಾತೆ ಒಂದೇ ಮನೆಯವರಿಗೆ ಎಂದು ಪ್ರೀತಿಯ ವ್ಯಾಪ್ತಿಯನ್ನು ನಿಗದಿಪಡಿಸಿತು. ಶಿವಮೊಗ್ಗದಲ್ಲಿ ಅಪ್ಪ-ಅಮ್ಮ, ಬೆಂಗಳೂರಿನ ಪಿಜಿಯಲ್ಲಿ ಮಗಳು, ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಮಗ ಇರುವ ಸಂಸಾರವನ್ನು ಆಹಾರ ಇಲಾಖೆ ಇಂದಿಗೂ ಒಂದೇ ರೇಷನ್ ಕಾರ್ಡಿನಲ್ಲಿ ಒಂದೇ ಕುಟುಂಬವೆಂದು ಒಪ್ಪುತ್ತದೆ. ಆ್ಯಪ್ ಒಪ್ಪುವುದಿಲ್ಲ. ಅಮೆಜಾನ್ ಪ್ರೈಮ್ ವಿಡಿಯೊ ಆದರೋ 2025ರ ಜೂನ್ 17ರಿಂದ, ಈಗಾಗಲೇ ಹಣ ಕೊಟ್ಟವರಿಗೂ ಜಾಹೀರಾತು ತೋರಿಸಲಾರಂಭಿಸಿ, ಅದು ಬೇಡವೆನ್ನುವವರು ವರ್ಷಕ್ಕೆ 699 ರೂಪಾಯಿ ಹೆಚ್ಚಿಗೆ ಕೊಡಬಹುದು ಎಂದಿತು. ಹಿಂದೆಲ್ಲ ಸೌಲಭ್ಯವನ್ನು ಮಾರುತ್ತಿದ್ದರು, ಈಗ ಅಸೌಲಭ್ಯವನ್ನು ಉಚಿತವಾಗಿ ಕೊಟ್ಟು ಅದರಿಂದ ಬಿಡುಗಡೆಯನ್ನು ಮಾರುತ್ತಾರೆ.

ದೊಡ್ಡವರನ್ನು ಮಕ್ಕಳೆಂದು ಬಗೆಯುವ ಈ ಪರಂಪರೆಗೆ ಅಮೆರಿಕದ ಒಂದು ಮೊಕದ್ದಮೆಯ ಕೊಡುಗೆಯೂ ಇದೆ. 13 ವರ್ಷದೊಳಗಿನ ಮಕ್ಕಳ ಮಾಹಿತಿಯನ್ನು ಅನುಮತಿಯಿಲ್ಲದೆ ಸಂಗ್ರಹಿಸಿದ ಆರೋಪದ ಮೇಲೆ 2019ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಮತ್ತು ಯೂಟ್ಯೂಬ್ 17 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡವು. ಅದರ ಫಲವಾಗಿ 2020ರ ಜನವರಿಯಿಂದ, ‘ಮಕ್ಕಳಿಗಾಗಿ’ ಎಂದು ಗುರುತಿಸಿದ ವಿಡಿಯೊಗಳಲ್ಲಿ ಕಾಮೆಂಟ್ ಇಲ್ಲವಾಯಿತು. ಅಷ್ಟೇ ಆಗಿದ್ದರೆ ನೆಮ್ಮದಿಯೇ. ಅವುಗಳನ್ನು ಪ್ಲೇಲಿಸ್ಟಿಗೆ ಸೇರಿಸುವ ಅವಕಾಶಕ್ಕೂ ಕತ್ತರಿ ಬಿತ್ತು. ಕೂಸನ್ನು ಮಲಗಿಸಲು ನಾಲ್ಕು ಜೋಗುಳಗಳನ್ನು ಒಂದೆಡೆ ಜೋಡಿಸಿಟ್ಟುಕೊಳ್ಳೋಣವೆಂದು ಹೊರಟ ಬಾಣಂತಿಯ ಅಮ್ಮನಿಗೆ, ಈ ವಿಡಿಯೊ ಮಕ್ಕಳಿಗಾಗಿ ಇರುವುದರಿಂದ ಹಾಗೆ ಮಾಡುವಂತಿಲ್ಲ ಎಂಬ ತಿಳಿವಳಿಕೆ ದೊರೆಯಿತು. ತೊಟ್ಟಿಲಲ್ಲಿರುವವರಾದರೂ ಪ್ಲೇಲಿಸ್ಟ್ ಮಾಡುವುದು ಹೇಗೆ? ತಪ್ಪು ಮಾಡಿದ್ದು ಕಂಪನಿ, ದಂಡದ ಉಳಿಕೆಯನ್ನು ತೀರಿಸುತ್ತಿರುವವರು ಅಜ್ಜಿಯರು.

ಇಷ್ಟೆಲ್ಲಕ್ಕೂ ದೂರು ಕೊಡಲು ದಾರಿಯಿಲ್ಲವೆಂದು ಯಾರೂ ಹೇಳುವಂತಿಲ್ಲ. 2021ರ ನಿಯಮಗಳು ಮೂರು ಹಂತದ ವ್ಯವಸ್ಥೆಯನ್ನು ಬರೆದಿಟ್ಟಿವೆ: ಕಂಪನಿಯ ಕುಂದುಕೊರತೆ ಅಧಿಕಾರಿ 15 ದಿನದಲ್ಲಿ ಉತ್ತರಿಸಬೇಕು, ಅಲ್ಲಿ ಸಮಾಧಾನವಾಗದಿದ್ದರೆ ಕಂಪನಿಗಳೇ ಕಟ್ಟಿಕೊಂಡ ಸ್ವನಿಯಂತ್ರಣ ಸಂಸ್ಥೆಗೆ, ಅದನ್ನೂ ದಾಟಿದರೆ ಕೇಂದ್ರ ಸರ್ಕಾರದ ಮೇಲ್ವಿಚಾರಣೆಗೆ ಹೋಗಬಹುದು. ಯಾವುದೋ ಧಾರಾವಾಹಿಯ ಎಂಟನೇ ಕಂತಿನಲ್ಲಿ ನಿಮ್ಮ ಭಾವನೆಗೆ ಧಕ್ಕೆಯಾಗಿದ್ದರೆ ದೆಹಲಿಯವರೆಗೂ ರಾಜಮಾರ್ಗವಿದೆ. ಟ್ರೇಲರ್ ತಾನಾಗಿ ಓಡುವುದನ್ನು ನಿಲ್ಲಿಸಿ, ಕನ್ನಡವನ್ನು ನೆನಪಿಡಿ, ಕೊನೆಯ ಹೆಸರುಗಳನ್ನು ಓದಲು ಬಿಡಿ ಎಂಬ ಕೋರಿಕೆಗಳು ಮಾತ್ರ ಈ ಮೂರರಲ್ಲಿ ಯಾವ ಹಂತಕ್ಕೂ ಸೇರುವುದಿಲ್ಲ. ಅವು ಚಾಟ್‌ಬಾಟಿಗೆ ಹೋಗುತ್ತವೆ, ಚಾಟ್‌ಬಾಟ್ ‘ನಿಮ್ಮ ಅಮೂಲ್ಯ ಸಲಹೆಯನ್ನು ತಂಡಕ್ಕೆ ತಲುಪಿಸಿದ್ದೇವೆ’ ಎಂದು ನಗುಮುಖದ ಚಿಹ್ನೆ ಕಳಿಸಿ, ಮಾತುಕತೆಗೆ ಎಷ್ಟು ನಕ್ಷತ್ರ ಕೊಡುವಿರೆಂದು ಕೇಳುತ್ತದೆ.

ನಿಯಮಗಳನ್ನು ಮುಂದೆ ತಿದ್ದುವ ಮಹನೀಯರಲ್ಲಿ ನನ್ನದೊಂದು ಚಿಕ್ಕ ಅಹವಾಲಿದೆ. ಇರುವ ಐದು ಪಂಗಡಗಳ ಜೊತೆಗೆ, ಮೊಮ್ಮಕ್ಕಳ ಮೇಲ್ವಿಚಾರಣೆಯಲ್ಲಿ ಮಾತ್ರ ನೋಡತಕ್ಕದ್ದು ಎಂಬ ಅರ್ಥ ಬರುವಂತೆ ಯು/ಎ 60+ ಎಂಬ ಆರನೆಯದನ್ನು ಸೇರಿಸಬೇಕು. ಲಾಕ್ ಪರದೆಯಲ್ಲಿ ‘ಪಿನ್ ಮರೆತಿರಾ?’ ಎಂಬುದರ ಪಕ್ಕದಲ್ಲಿ ‘ಮಗಳನ್ನು ಕರೆಯಿರಿ’ ಎಂಬ ಗುಂಡಿಯನ್ನು ಕಡ್ಡಾಯಗೊಳಿಸಬೇಕು. ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುವ ದಿನಗಳಲ್ಲಿ ಈ ಸೇವೆ ಲಭ್ಯವಿರುವುದಿಲ್ಲವೆಂದು ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ನಮೂದಿಸಿದರೆ, ಆ ಎರಡು ವಾರ ನಾವು ಹೇಗೋ ದೂರದರ್ಶನದ ಚಂದನ ನೋಡಿಕೊಂಡು ಕಾಲ ತಳ್ಳುತ್ತೇವೆ. ಅದಕ್ಕೆ ಸದ್ಯಕ್ಕಂತೂ ಯಾರೂ ಪಿನ್ ಕೇಳುತ್ತಿಲ್ಲ.